ಕಾಪುವಿನಲ್ಲಿ ಇಳಿದ ಪೆಟ್ಟಿಗೆ

ಕುಕ್ಕುಂದೂರಿನ ಗುಣವತಿ ತನ್ನ ಮಗಳನ್ನು ಸಾಕಿದ್ದು ಅರ್ಧ ಮನೆಯಲ್ಲಿ, ಅರ್ಧ ಬಸ್ಸಿನಲ್ಲಿ. ದೀಕ್ಷಿತಾ ಹತ್ತನೆಯ ತರಗತಿ ಮುಗಿಸಿ ಹಾಸ್ಟೆಲ್ ಸೇರಿದಂದಿನಿಂದ ಹಿಡಿದು, ಈಗ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮಾಡುವವರೆಗೂ ಅವಳ ಹೊಟ್ಟೆಗೆ ಬೇಕಾದದ್ದು, ಮೈಗೆ ಬೇಕಾದದ್ದು ಎಲ್ಲವೂ ಕಂಡಕ್ಟರರ ಕೈಯಲ್ಲೇ ಹೋಗುತ್ತಿತ್ತು. ಬೆಳಿಗ್ಗೆ ಕುಕ್ಕರ್ ಇಳಿಸಿ, ಡಬ್ಬಿಗೆ ತುಂಬಿಸಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ರಸ್ತೆಗೆ ಓಡಿ ಬಸ್ಸಿಗೆ ಕೈ ಅಡ್ಡ ಹಿಡಿದರೆ ಆಯಿತು. “ಮಣಿಪಾಲ, ದೀಕ್ಷಿತಾ” ಎಂದರೆ ಸಾಕು. ಕಂಡಕ್ಟರ್ ಸುಂದರ ಡಬ್ಬಿಯನ್ನು ಡ್ರೈವರನ ಹಿಂದೆ ಭದ್ರವಾಗಿಟ್ಟು ವಿಸಿಲ್ ಊದುತ್ತಿದ್ದ. ಕೋಳಿ ಸುಕ್ಕ ಹೋಗಿದೆ, ಪತ್ರೊಡೆ ಹೋಗಿದೆ, ಮನೆಯಲ್ಲಿ ಮರೆತುಬಿಟ್ಟ ಹಾಲ್ ಟಿಕೆಟ್ ಹೋಗಿದೆ, ಒಮ್ಮೆ ಇಡೀ ಒಂದು ಹಲಸಿನ ಹಣ್ಣು ಹೋಗಿದೆ. ಯಾವುದೂ ದಾರಿ ತಪ್ಪಿರಲಿಲ್ಲ.

“ನಿಮ್ಮ ಪಾರ್ಸೆಲ್ ಎತ್ತಿ ಎತ್ತಿ ನನಗೆ ಬೇರೆ ಕಸರತ್ತೇ ಬೇಡ ಅಕ್ಕಾ,” ಎಂದು ಸುಂದರ ನಗುತ್ತಿದ್ದ. ಈಗ ಅವನು ಮಂಗಳೂರು–ಮಣಿಪಾಲ ಎಕ್ಸ್‌ಪ್ರೆಸ್ಸಿಗೆ ಬದಲಾಗಿದ್ದರೂ ಗುಣವತಿಯ ಫೋನಿನಲ್ಲಿ ಅವನ ನಂಬರು ಗಂಡನ ನಂಬರಿನ ಕೆಳಗೇ ಇತ್ತು.

ಹಾಗಾಗಿ ಆ ಶುಕ್ರವಾರ ಸಂಜೆ ದೀಕ್ಷಿತಾ ಫೋನು ಮಾಡಿ, “ಅಮ್ಮಾ, ನಾಳೆ ಬೆಳಿಗ್ಗೆ ಮಂಗಳೂರಿಗೆ ಹೋಗಿ ಬರಬೇಕು, ಹೇಗೆ ಹೋಗುವುದೋ ಗೊತ್ತಾಗ್ತಾ ಇಲ್ಲ,” ಎಂದಾಗ ಗುಣವತಿಗೆ ಅದೊಂದು ಕಷ್ಟದ ವಿಷಯ ಅನ್ನಿಸಲೇ ಇಲ್ಲ.

“ಎಂತಕ್ಕೆ ಹೋಗುವುದು?”

“ಅಲ್ಲಿಯ ಲ್ಯಾಬಿನಲ್ಲಿರುವ ಫ್ರೆಂಡ್ ಫಸೀಲಾ ಹತ್ತಿರ ಆ ಪ್ರೋಟೀನ್ ಎರಡು ಟ್ಯೂಬ್ ಉಂಟು. ನಮ್ಮ ಲ್ಯಾಬಿನದ್ದು ಖಾಲಿ. ಹೊಸದು ಮುಂಬೈಯಲ್ಲಿ ಕಸ್ಟಮ್ಸಿನವರ ಹತ್ತಿರ ಕೂತಿದೆ. ನಾಳೆ ಆ ಪೇಶೆಂಟ್ ಹಸೀಬನ ಸೆಲ್ಸ್ ರೆಡಿ ಆಗ್ತದೆ. ಬೆಳಿಗ್ಗೆ ನಾನು ಅದರ ಹತ್ತಿರವೇ ಇರಬೇಕು. ಮಂಗಳೂರಿಗೆ ಹೋದರೆ ಅದನ್ನು ನೋಡುವವರು ಯಾರು?”

“ಅದಕ್ಕೆ ನೀನು ಓಡುವುದು ಯಾಕೆ? ಸುಂದರ ಇಲ್ವಾ? ಬಸ್ಸಿಗೆ ಹಾಕಲಿಕ್ಕೆ ಹೇಳು.”

‘ಬೇಡ’ ಎನ್ನಲು ಹೊರಟ ದೀಕ್ಷಿತಾಳಿಗೆ ಬೇರೆ ದಾರಿ ಕಾಣಲಿಲ್ಲ.

“ಐಸಿನಲ್ಲಿ ಬರಬೇಕಮ್ಮ. ಹಾಳಾದರೆ ಬೇರೆ ಇಲ್ಲ.”

“ಇಷ್ಟು ವರ್ಷದಲ್ಲಿ ನನ್ನ ಒಂದು ಡಬ್ಬಿಯ ಮುಚ್ಚಳ ಕಳೆದದ್ದುಂಟಾ ಹೇಳು.”

ಆ ಪ್ರೋಟೀನಿನ ಕಥೆಯನ್ನು ದೀಕ್ಷಿತಾ ಹಿಂದೊಮ್ಮೆ ಮನೆಗೆ ಬಂದಾಗ, ಅಮ್ಮ ನೀರುಳ್ಳಿ ಹೆಚ್ಚುತ್ತಿರುವಾಗ, ಪಕ್ಕದಲ್ಲಿ ಕೂತು ಹೇಳಿದ್ದಳು. ಮೈಯೊಳಗೆ ರೋಗಾಣು ಹೊಕ್ಕರೆ ಅಲ್ಲಿ ಕಾವಲಿಗಿರುವ ಜೀವಕೋಶಗಳು ಗಲಾಟೆ ಎಬ್ಬಿಸುತ್ತವೆ. ಊತ, ಉರಿ, ಕೆಂಪು ಎಲ್ಲ ಆ ಗಲಾಟೆಯೇ. ರೋಗಾಣು ಸತ್ತ ಮೇಲೆ, “ಸಾಕು, ಇನ್ನು ಸುಮ್ಮನಿರಿ” ಎಂದು ಹೇಳುವ ಒಂದು ಪದಾರ್ಥವನ್ನೂ ಮೈಯೇ ತಯಾರಿಸಿಕೊಳ್ಳುತ್ತದೆ. ಅದರ ಹೆಸರು ಇಂಟರ್‌ಲ್ಯೂಕಿನ್ ಹತ್ತು. ಅದನ್ನು ತಯಾರಿಸುವ ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಿಂದಲೇ ಮಾಡಿಸಿ, ಶುದ್ಧಮಾಡಿ, ಸಂಶೋಧನೆಗೆಂದು ಮಾರುತ್ತಾರೆ. ಅದು ಔಷಧಿಯಲ್ಲ, ಯಾರಿಗೂ ಚುಚ್ಚುವಂಥದ್ದಲ್ಲ. ಕೆಲವರ ಕರುಳಿನಲ್ಲಿ ಗಲಾಟೆ ನಿಲ್ಲುವುದೇ ಇಲ್ಲ. ಅವರ ಜೀವಕೋಶಗಳಿಗೆ ಈ ಮಾತು ಕೇಳಿಸುವುದಿಲ್ಲವೋ, ಕೇಳಿಸಿದರೂ ಪಾಲಿಸುವುದಿಲ್ಲವೋ ಎಂಬುದೇ ದೀಕ್ಷಿತಾಳ ಅಧ್ಯಯನ.

ಹಸೀಬ್ ಕಾಪು ಕಡೆಯ ಹುಡುಗ, ಕಾಲೇಜಿಗೆ ಹೋಗುವವನು. ಕರುಳಿನ ಕಾಯಿಲೆ ಅವನನ್ನು ಹಿಂಡಿ ಒಣಗಿಸಿಬಿಟ್ಟಿತ್ತು. ಔಷಧಿ ಶುರುವಾಗುವ ಮೊದಲು ತೆಗೆದ ರಕ್ತವೇ ಬೇಕು. ಶುರುವಾದ ಮೇಲಿನದ್ದು ಈ ಕೆಲಸಕ್ಕೆ ಬರುವುದಿಲ್ಲ. ದೀಕ್ಷಿತಾಳ ಅಧ್ಯಯನಕ್ಕೆ ಬೇಕಾಗಿದ್ದ ಕೊನೆಯ ರೋಗಿ ಅವನು. ಹಿಂದಿನ ವಾರ ಅವನ ರಕ್ತ ತೆಗೆದು, ಅದರಿಂದ ಜೀವಕೋಶಗಳನ್ನು ಬೇರ್ಪಡಿಸಿ ಬೆಳೆಸಲು ಇಟ್ಟಿದ್ದಳು. ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತವೂ ಬೇಕಿತ್ತು. ಬರಬೇಕಾದವರು ಕೈಕೊಟ್ಟದ್ದರಿಂದ, ಅಂದು ಊಟದ ಡಬ್ಬಿಯೊಂದಿಗೆ ಬಂದಿದ್ದ ಗುಣವತಿಯೇ ತೋಳು ಚಾಚಿ ಕೂತಿದ್ದಳು. ವೈದ್ಯರು ಪರೀಕ್ಷಿಸಿ ಒಪ್ಪಿದ್ದರು. ಮನೆಗೆ ಬಂದು ಗಂಡನ ಮುಂದೆ, “ನನ್ನದು ಮಾದರಿ ರಕ್ತವಂತೆ,” ಎಂದು ಹೆಮ್ಮೆಪಟ್ಟಿದ್ದಳು. ಹಿಟ್ಟಿನ ಗಿರಣಿಯ ಭುಜಂಗ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, “ಸುಮ್ಮನಿರು ಅಂದರೆ ಸುಮ್ಮನಿರುವ ರಕ್ತ ಬೇಕು ಅಂತ ಅಲ್ವಾ ಹೇಳಿದ್ದು? ಮಗಳು ಬೇರೆ ಯಾರನ್ನಾದರೂ ಹುಡುಕಬೇಕಿತ್ತು,” ಎಂದಿದ್ದ.

ಶನಿವಾರ ಬೆಳಿಗ್ಗೆ ಗುಣವತಿ ಸುಂದರನಿಗೆ ಫೋನು ಮಾಡಿದಳು. ಅಲ್ಲಿಯೇ ಅವಳು ಒಂದು ಸುಳ್ಳು ಹೇಳಿದಳು. ಲ್ಯಾಬಿನ ವಸ್ತು, ಟ್ಯೂಬು ಎಂದರೆ ಸುಂದರ ಹೆದರುತ್ತಾನೆ. ಹಿಂದೆ ಯಾರೋ ಕೊಟ್ಟ ಔಷಧಿಯ ಪೆಟ್ಟಿಗೆಯಿಂದ ಇನ್ನೊಬ್ಬ ಕಂಡಕ್ಟರನಿಗೆ ಪೊಲೀಸರ ಕಾಟ ಆದದ್ದುಂಟು. ಮೀನು ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಈ ಕರಾವಳಿಯಲ್ಲಿ ಥರ್ಮಾಕೋಲಿನ ಪೆಟ್ಟಿಗೆ ಎಂದರೆ ಮೀನೇ. ತಣ್ಣಗಿಡಬೇಕು, ತಡಮಾಡಬಾರದು ಎಂದು ಯಾರೂ ಯಾರಿಗೂ ಕಲಿಸಬೇಕಿಲ್ಲ.

“ಸುಂದರಾ, ಮಂಗಳೂರಿನಲ್ಲಿ ಫಸೀಲಾ ಅಂತ ಒಂದು ಹುಡುಗಿ ಪೆಟ್ಟಿಗೆ ಕೊಡ್ತಾಳೆ. ಮೀನುಂಟು. ದೀಕ್ಷಿತಾ ಟೈಗರ್ ಸರ್ಕಲಿನಲ್ಲಿ ನಿಂತಿರ್ತಾಳೆ. ಜೋಪಾನ ಆಯ್ತಾ?”

“ಮೀನಿಗೆ ರಜೆಯ ಕಾಲದಲ್ಲಿ ಮೀನಾ! ನಿಮ್ಮ ಮಗಳ ಅದೃಷ್ಟ ಅಕ್ಕಾ.”

ಜೂನ್ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದೋಣಿಗಳೆಲ್ಲ ದಡದಲ್ಲಿದ್ದವು. ಶೀತಲಗೃಹದ ಮೀನು, ಹೊರರಾಜ್ಯದ ಮೀನು ಮಂಗಳೂರಿಗೆ ಬಂದು ಅಲ್ಲಿಂದ ಊರೂರಿಗೆ ಹೋಗುವ ದಿನಗಳು.

ಗುಣವತಿ ಅನ್ನ, ಸಾರು, ಬಸಳೆಯ ಪದಾರ್ಥ ಕಟ್ಟಿಕೊಂಡು ತಾನೂ ಮಣಿಪಾಲಕ್ಕೆ ಬಂದಳು. ಪ್ರಯೋಗದ ದಿನ ಮಗಳು ಉಣ್ಣುವುದನ್ನು ಮರೆಯುತ್ತಾಳೆ. ಎದುರು ಕೂತು ಉಣ್ಣಿಸಿದರೇ ಸೈ. ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಇಬ್ಬರೂ ಕೊಡೆ ಹಿಡಿದು ಸರ್ಕಲಿನಲ್ಲಿ ನಿಂತರು. ಸುಂದರ ಬಸ್ಸಿನ ಡಿಕ್ಕಿ ತೆರೆದು ಪೆಟ್ಟಿಗೆ ಎತ್ತಿ ಕೊಟ್ಟು, “ಭಾರೀ ತೂಕ ಮಾರಾಯ್ರೆ, ಇಡೀ ಹಾಸ್ಟೆಲಿಗೆ ಊಟವಾ?” ಎಂದು ಹೇಳಿ ಮಳೆಯಲ್ಲೇ ಜಿಗಿದು ಹತ್ತಿ ಹೋದ.

ತೂಕ ಎಂದದ್ದು ಕೇಳಿಯೇ ದೀಕ್ಷಿತಾಳ ಮುಖ ಬದಲಾಯಿತು. ಪ್ರಯೋಗಾಲಯದ ಕಟ್ಟಡದ ಜಗಲಿಗೆ ಬಂದು ಟೇಪು ಕಿತ್ತಳು. ಪುಡಿ ಐಸಿನ ನಡುವೆ ಮೂರು ಅಂಜಲ್ ಮೀನು ಕಣ್ಣು ಬಿಟ್ಟುಕೊಂಡು ಮಲಗಿದ್ದವು.

ಒಂದು ಕ್ಷಣ ಗುಣವತಿಗೆ ನಗು ಬಂದದ್ದು ನಿಜ. ಮಗಳ ಮುಖ ನೋಡಿದ ಮೇಲೆ ಬಂದ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸುಂದರನಿಗೆ ಫೋನು ಹಚ್ಚಿದರು. ಅವನು ಬಸ್ಸಿನ ಗದ್ದಲದ ನಡುವೆ ಕೂಗಿ ಹೇಳಿದ: “ಅಯ್ಯೋ ದೇವರೇ, ಎರಡು ಪೆಟ್ಟಿಗೆ ಇತ್ತು ಅಕ್ಕಾ. ಮೀನಿನ ಧಕ್ಕೆಯಿಂದ ಡೆರಿಕ್ ಅವನ ಅಕ್ಕನಿಗೆ ಒಂದು ಕೊಟ್ಟಿದ್ದ, ಕಾಪುವಿಗೆ. ಮಳೆಗೆ ಚೀಟಿ ಎರಡೂ ಕಳಚಿ ಹೋಗಿತ್ತು. ನೀವೂ ಮೀನು ಅಂದಿರಿ, ಅವನೂ ಮೀನು ಅಂದ. ನಿಮ್ಮ ಪಾರ್ಸೆಲ್ ಯಾವತ್ತೂ ತೂಕದ್ದೇ ಅಲ್ವಾ? ತೂಕದ್ದು ಮಣಿಪಾಲದ್ದು ಅಂತ ಇಟ್ಟು, ಹಗುರದ್ದನ್ನು ಕಾಪುವಿನಲ್ಲಿ ಅಲೋಶಿಯಸನ ರಿಕ್ಷಾಕ್ಕೆ ಕೊಟ್ಟೆ. ಆ ಅಕ್ಕನ ನಂಬರೂ ಆ ಚೀಟಿಯಲ್ಲೇ ಇತ್ತು. ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿ, ಎಲ್ಲರಿಗೂ ಗೊತ್ತುಂಟು.”

ದೀಕ್ಷಿತಾ ಅಮ್ಮನ ಕಡೆ ತಿರುಗಿದಳು. “ಮೀನು ಅಂತ ಹೇಳಿದ್ದಾ ಅಮ್ಮಾ?”

ಗುಣವತಿ ತಲೆಯಾಡಿಸಿದಳು. ಮಗಳು ಕಿತ್ತ ಟೇಪನ್ನು ಪೆಟ್ಟಿಗೆಗೆ ಪುನಃ ಅಂಟಿಸಿದಳು. ಬೈದಿದ್ದರೆ ಒಳ್ಳೆಯದಿತ್ತು.

“ನಾನೇ ಹೋಗಿ ತರ್ತೇನೆ. ನೀನು ಒಳಗೆ ಹೋಗು,” ಎಂದು ಗುಣವತಿ ಮೀನಿನ ಪೆಟ್ಟಿಗೆಯನ್ನು ಸೊಂಟಕ್ಕೆ ಏರಿಸಿದಳು. ದೀಕ್ಷಿತಾ ಮೆಟ್ಟಿಲಿಳಿದು ಹಿಂದೆಯೇ ಬಂದಳು.

“ಕೇಳು ಅಮ್ಮಾ. ಸಣ್ಣ ಎರಡು ಟ್ಯೂಬ್ ಇರ್ತದೆ, ಬೆರಳಿನ ತುದಿಯಷ್ಟು. ಒಳಗೆ ಕಾಳುಮೆಣಸಿನಷ್ಟು ಒಂದೊಂದು ಹನಿ, ಗಟ್ಟಿಯಾಗಿ. ಕರಗಿದ್ದರೆ ಹೆದರಬೇಡ, ಐಸಿನ ನಡುವೆ ಇಟ್ಟು ತಾ, ನಡೀತದೆ. ಆದರೆ ಕರಗಿದ್ದನ್ನು ಪುನಃ ಫ್ರೀಜರಿಗೆ ಮಾತ್ರ ಹಾಕಬಾರದು. ಎರಡನೇ ಸಲ ಗಟ್ಟಿಯಾಗುವಾಗ ಅದು ಒಳಗಿಂದಲೇ ಮುರಿದು ಹೋಗ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ಹಾಗೆಯೇ ಕಾಣ್ತದೆ.”

“ಆಯ್ತು. ಅನ್ನ ಉಂಡುಬಿಡು.”

ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಕಾಪುವಿನ ಬಸ್ಸು ಹತ್ತಿದಾಗ ಸೀಟಿರಲಿಲ್ಲ. ಪೆಟ್ಟಿಗೆಯ ಮೂಲೆಯಿಂದ ನೀರು ಸೋರಿ ಅವಳ ಸೀರೆಯ ನೆರಿಗೆ ಒದ್ದೆಯಾಗುತ್ತಿತ್ತು. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ದೂರ ಸರಿದಳು. ಇನ್ನೊಬ್ಬಳು ಹತ್ತಿರ ಬಂದಳು.

“ಯಾವ ಮೀನು ಅಕ್ಕಾ?”

“ಅಂಜಲ್.”

“ಕಾಪುವಿಗೆ ಮೀನು ತಕ್ಕೊಂಡು ಹೋಗುವವರನ್ನು ಇವತ್ತೇ ನೋಡಿದ್ದು! ಇನ್ನು ಸಮುದ್ರಕ್ಕೆ ಉಪ್ಪೂ ತಕ್ಕೊಂಡು ಹೋಗ್ತೀರಾ?” ಎಂದು ಕಂಡಕ್ಟರ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ಗುಣವತಿಯೂ ಬೇರೆ ದಿನವಾಗಿದ್ದರೆ ತಿರುಗಿಸಿ ಒಂದು ಮಾತು ಕೊಡುತ್ತಿದ್ದಳು. ಈಗ ಅವಳಿಗೆ ಕಣ್ಣೆದುರು ಕಾಣುತ್ತಿದ್ದದ್ದು ಕಾಳುಮೆಣಸಿನಷ್ಟು ಎರಡು ಹನಿ ಮಾತ್ರ. ತಾನೇ ಮಂಗಳೂರಿಗೆ ಹೋಗಿ ತರಬಹುದಿತ್ತಲ್ಲ ಎಂಬುದು ಕಟಪಾಡಿಯ ಹತ್ತಿರ ಹೊಳೆಯಿತು. ಅಷ್ಟು ಸುಲಭದ ದಾರಿ ನಿನ್ನೆ ತಲೆಗೇ ಬಂದಿರಲಿಲ್ಲ. ಕಳಿಸಿ ಕಳಿಸಿ, ಹೋಗುವುದನ್ನೇ ಮರೆತಿದ್ದಳು.

ಕಾಪುವಿನಲ್ಲಿ ಅಲೋಶಿಯಸನ ರಿಕ್ಷಾ ಸಿಕ್ಕಿತು. ಪೆಟ್ಟಿಗೆ ನೋಡಿದ ಕೂಡಲೇ ಅವನು, “ಓ, ನೀವಾ! ಅಲ್ಲಿ ಡೆರಿಕನ ಅಕ್ಕ ಪ್ಯಾಟ್ರಿಶಿಯಾ ಬಾಯಿಗೆ ಬೆಳಿಗ್ಗೆಯಿಂದ ತಮ್ಮನಿಗೆ ಬೈದು ಬೈದು ಸ್ವರ ಹೋಗಿದೆ,” ಎಂದು ತೆಂಗಿನ ತೋಟಗಳ ನಡುವಿನ ಒಂದು ಮನೆಗೆ ಕರೆದುಕೊಂಡು ಹೋದ.

ಪ್ಯಾಟ್ರಿಶಿಯಾ ಬಾಯಿ ಬಾಗಿಲಲ್ಲೇ ಇದ್ದರು. ಗುಣವತಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮಗಳ ಗಂಡನ ಮನೆಯವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಮನೆ ತುಂಬ ಮಸಾಲೆಯ ಪರಿಮಳ, ಮೀನಿಲ್ಲ. ಅಂಜಲನ್ನು ಕಂಡು ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ದೇವರು ಕಳಿಸಿದ ಹಾಗೆ ಬಂದಿರಿ ನೀವು! ಬನ್ನಿ, ಒಳಗೆ ಬನ್ನಿ. ಕಾಪಿ ಕುಡಿಯಿರಿ.”

“ಬಾಯೀ, ಕಾಪಿ ಬೇಡ. ಅದರಲ್ಲಿ ಸಣ್ಣ ಎರಡು ಟ್ಯೂಬ್ ಇತ್ತು...”

“ಉಂಟು, ಉಂಟು. ಬಿಸಾಡಿಲ್ಲ. ಮಕ್ಕಳ ಕೈಗೂ ಕೊಟ್ಟಿಲ್ಲ.” ಬಾಯಿ ಒಳಗೆ ಹೋಗಿ ಸ್ಟೀಲಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ತೆರೆದರೆ ಒಳಗೆ ಹತ್ತಿಯ ಹಾಸಿಗೆ, ಅದರ ಮೇಲೆ ಎರಡು ಟ್ಯೂಬು. ಗುಣವತಿ ಒಂದನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಕಾಳುಮೆಣಸಿನಷ್ಟು ಬಿಳಿ ಚುಕ್ಕೆ, ಕಲ್ಲಿನಷ್ಟು ಗಟ್ಟಿ.

ಅವಳ ಕಣ್ಣಲ್ಲಿ ನೀರು ಬಂತು. “ಗಟ್ಟಿ ಉಂಟು,” ಎಂದಳು. “ಬಾಯೀ, ನಿಮಗೆ ಪುಣ್ಯ ಬರಲಿ. ಗಟ್ಟಿಯೇ ಉಂಟು.”

ಬಾಯಿಗೂ ಖುಷಿಯಾಯಿತು. ಐಸು ಒಡೆದು ಕಲ್ಲುಪ್ಪು ಬೆರೆಸಿ ಕೊಟ್ಟರು, ಪೆಟ್ಟಿಗೆ ಒರೆಸಿ ಕೊಟ್ಟರು, ಬೇಡವೆಂದರೂ ಒಂದು ಅಂಜಲಿನ ಅರ್ಧ ತುಂಡು ಬೇರೆ ಕಟ್ಟಿ ಕೊಟ್ಟರು. ಗುಣವತಿ ಚಪ್ಪಲಿ ಮೆಟ್ಟುತ್ತಿರುವಾಗ ಹೇಳಿದರು:

“ನಮ್ಮ ಯಜಮಾನರಿಗೂ ಇನ್ಸುಲಿನ್ ಉಂಟಲ್ಲ, ಹಾಗಾಗಿ ನನಗೆ ಗೊತ್ತು, ಇಂಥದ್ದು ತಣ್ಣಗಿರಬೇಕು ಅಂತ. ಮೊದಲು ಪೆಟ್ಟಿಗೆ ತೆಗೆದು ಒಲೆಯ ಪಕ್ಕ ಇಟ್ಟು, ಆ ಡೆರಿಕನ ಹತ್ತಿರ ಫೋನಿನಲ್ಲಿ ಜಗಳಕ್ಕೆ ನಿಂತೆ. ಜಗಳ ಮುಗಿದು ನೋಡಿದರೆ ಎರಡೂ ನೀರು! ಅಂಗೈಯಲ್ಲಿಟ್ಟು ಅಲ್ಲಾಡಿಸಿ ನೋಡಿದೆ. ಅಯ್ಯೋ, ಯಾರದೋ ಜೀವದ ಔಷಧಿಯಾ ಏನೋ ಅಂತ ಕೂಡಲೇ ಫ್ರೀಜರಿಗೆ ಹಾಕಿ ಪುನಃ ಗಟ್ಟಿ ಮಾಡಿಸಿದೆ. ಈಗ ಹೊಸದರ ಹಾಗೆ ಆಗಿದೆ ಅಲ್ವಾ?”

ಗುಣವತಿ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕಾಲಿನಿಂದ ಹುಡುಕುತ್ತ ನಿಂತವಳು ಹಾಗೇ ನಿಂತಳು. ಎದುರಿಗೆ ಬಾಯಿಯ ಮುಖ, ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷದಲ್ಲಿ ಹೊಳೆಯುತ್ತಿತ್ತು.

“ಹೌದು ಬಾಯೀ,” ಎಂದಳು. “ಹೊಸದರ ಹಾಗೆಯೇ ಆಗಿದೆ.”

ಬಸ್ಸಿನಲ್ಲಿ ಕೂತು ದೀಕ್ಷಿತಾಳಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಒಳಗೆ ಕೆಲಸಕ್ಕೆ ಕೂತಾಗ ಅವಳು ಫೋನನ್ನು ಆಫ್ ಮಾಡಿಡುತ್ತಾಳೆ. ಹೇಳದೆ ಎದೆ ತಡೆಯಲಿಲ್ಲ. ಭುಜಂಗನಿಗೆ ಹಚ್ಚಿದಳು. ಆ ಕಡೆ ಗಿರಣಿಯ ಸದ್ದು.

“ಗಟ್ಟಿ ಉಂಟಾ ಇಲ್ವಾ?” ಎಂದು ಅವನು ಎಲ್ಲ ಕೇಳಿದ ಮೇಲೆ ಕೂಗಿದ.

“ಉಂಟು.”

“ಮತ್ತೆಂತ ನಿನ್ನದು? ಕೊಟ್ಟುಬಿಡು, ಬಾಯಿ ಮುಚ್ಚಿ ಕೂತುಕೋ. ಅವಳಿಗೆ ಇದ್ದ ತಲೆಬಿಸಿಯೇ ಸಾಕು. ಕೆಲವು ಸಲ ಏನೂ ಆಗಿರುವುದಿಲ್ಲ.”

“ಆಗಿದ್ದರೆ?”

ಗಿರಣಿಯ ಸದ್ದು ನಿಂತಿತು. ಗಂಡ ಬೆಲ್ಟು ಜಾರಿಸಿ ನಿಲ್ಲಿಸಿದ್ದಿರಬೇಕು. “ಆಗಿದ್ದರೆ ನೀನು ಹೇಳಿದರೂ ಸರಿಯಾಗ್ತದಾ?” ಎಂದ, ಈ ಸಲ ಮೆಲ್ಲಗೆ.

ಹೇಳಿದರೆ ಮಗಳ ಕೈ ಖಾಲಿ. ಹೇಳದಿದ್ದರೆ ಮಗಳು ನಂಬಿಕೆಯಿಂದ ಆ ಹನಿಯನ್ನು ಹಸೀಬನ ಜೀವಕೋಶಗಳಿಗೆ ಹಾಕುತ್ತಾಳೆ. ಅವು ಸುಮ್ಮನಾಗದಿದ್ದರೆ ಅದು ಹುಡುಗನ ಕಾಯಿಲೆಯ ತಪ್ಪೋ, ಪ್ಯಾಟ್ರಿಶಿಯಾ ಬಾಯಿಯ ಒಲೆಯ ತಪ್ಪೋ ಎಂದು ತಿಳಿಯದೆ ಒದ್ದಾಡುತ್ತಾಳೆ. ಮಡಿಲಲ್ಲಿ ಪೆಟ್ಟಿಗೆ. ಮುಚ್ಚಳದ ಮೇಲೆ ಎರಡೂ ಅಂಗೈ ಇಟ್ಟುಕೊಂಡಿದ್ದವಳು, ಬಿಸಿ ತಾಗೀತೆಂದು ಕೈ ಹಿಂದೆಗೆದಳು.

ಕಟ್ಟಡದ ಜಗಲಿಯಲ್ಲಿ ದೀಕ್ಷಿತಾ ಕಾಯುತ್ತಿದ್ದಳು. ಪೆಟ್ಟಿಗೆ ತೆರೆದು, ಟ್ಯೂಬು ಎತ್ತಿ, ಬಿಳಿ ಚುಕ್ಕೆಯನ್ನು ನೋಡಿ ಅವಳು ಬಿಟ್ಟ ಉಸಿರು ಗುಣವತಿಯ ಕೆನ್ನೆಗೆ ತಾಗಿತು. “ಅಮ್ಮಾ, ಕರಗಲೇ ಇಲ್ಲ!” ಎಂದು ಅಲ್ಲಿಯೇ ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು.

ಬೆಳಿಗ್ಗೆಯಿಂದ ನೋಡಲು ಹಂಬಲಿಸಿದ್ದ ಮುಖ ಅದು. ಆ ಮುಖವನ್ನು ಇನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಳ್ಳುವ ಆಸೆ ಗುಣವತಿಗೆ ಎಷ್ಟಿತ್ತೆಂದರೆ, ನಾಲಿಗೆ ಮೇಲಕ್ಕೇಳಲಿಲ್ಲ. ಮಗಳು ಬಾಗಿಲಿನವರೆಗೆ ಹೋದಳು.

“ಮಗಾ, ನಿಲ್ಲು. ಕರಗಿತ್ತಂತೆ. ಅವರು ಪುನಃ ಫ್ರೀಜರಿಗೆ ಹಾಕಿದ್ದು.”

ದೀಕ್ಷಿತಾ ತಿರುಗಿ ಬಂದಳು. ಬೈಯಲಿಲ್ಲ. ಡಾಕ್ಟರರು ರೋಗಿಯನ್ನು ಕೇಳುವ ಹಾಗೆ ಒಂದೊಂದೇ ಕೇಳಿದಳು. ಎಷ್ಟು ಹೊತ್ತು ಹೊರಗಿತ್ತು? ಎಲ್ಲಿ ಇಟ್ಟಿದ್ದರು? ಒಲೆ ಉರಿಯುತ್ತಿತ್ತಾ? ಎರಡು ಟ್ಯೂಬೂ ಒಟ್ಟಿಗೇ ಇತ್ತಾ? ಗುಣವತಿ ಗೊತ್ತಿದ್ದದ್ದನ್ನು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಆಮೇಲೆ ದೀಕ್ಷಿತಾ ಜಗಲಿಯ ಕಂಬಕ್ಕೆ ಒರಗಿ ಫೋನು ಮಾಡಲು ಶುರುಮಾಡಿದಳು. ಫಸೀಲಾ ಹತ್ತಿರ ಇದ್ದದ್ದೇ ಆ ಎರಡು. ಮಣಿಪಾಲದ ಬೇರೆ ಲ್ಯಾಬುಗಳಲ್ಲಿ ಇದೇ ಪ್ರೋಟೀನ್ ಇರಲಿಲ್ಲ. ಬೆಂಗಳೂರಿನ ಒಬ್ಬರು ಸೋಮವಾರ ಕಳಿಸುತ್ತೇವೆಂದರು, ಮಂಗಳವಾರ ಸಿಕ್ಕೀತು. ಹಸೀಬನಿಗೆ ಇವತ್ತು ಬೆಳಿಗ್ಗೆಯೇ ಔಷಧಿಯ ಮೊದಲ ಡ್ರಿಪ್ ಹಾಕಿ ಆಗಿತ್ತು; ಇನ್ನು ಅವನ ರಕ್ತ ಪುನಃ ತೆಗೆದರೂ ಪ್ರಯೋಜನವಿರಲಿಲ್ಲ.

“ಮಂಗಳವಾರದವರೆಗೆ ಹಸೀಬನ ಸೆಲ್ಸ್ ಇರುವುದಿಲ್ವಾ?”

“ನಾಳೆಯವರೆಗೆ ಚೆನ್ನಾಗಿರ್ತವೆ. ಸೋಮವಾರ ಸುಸ್ತು. ಮಂಗಳವಾರ ಇದ್ದರೂ ಅವು ಹೇಳುವುದನ್ನು ನಂಬಲಿಕ್ಕೆ ಆಗುವುದಿಲ್ಲ.”

“ನಾನು ಮೀನು ಅಂತ ಹೇಳದಿದ್ದರೆ...”

“ಅದನ್ನು ಬಿಡಮ್ಮ.” ದೀಕ್ಷಿತಾ ಕಣ್ಣು ಮುಚ್ಚಿ ತೆರೆದಳು. “ಒಂದು ಕೆಲಸ ಮಾಡುವಾ. ಮೊದಲು ನಿನ್ನ ಸೆಲ್ಸಿಗೆ ಹಾಕಿ ನೋಡ್ತೇನೆ. ನಿನ್ನದು ಆರೋಗ್ಯದ್ದಲ್ವಾ, ಹನಿಯಲ್ಲಿ ಜೀವ ಇದ್ದರೆ ಸುಮ್ಮನಾಗಲೇಬೇಕು. ಹಾಗಾದರೆ ನಾಳೆ ಎರಡನೇ ಟ್ಯೂಬನ್ನು ಹಸೀಬನದ್ದಕ್ಕೆ ಹಾಕುವುದು. ಮೊದಲೇ ಅವನದ್ದಕ್ಕೆ ಹಾಕಿ, ಹನಿಯೇ ಸತ್ತಿದ್ದರೆ ಅವನದ್ದನ್ನು ಸುಮ್ಮನೆ ಹಾಳುಮಾಡಿದ ಹಾಗಾಗ್ತದೆ.”

ಎರಡೂ ಟ್ಯೂಬು ಒಂದೇ ಒಲೆಯ ಪಕ್ಕ ಬಿಸಿಯಾಗಿ, ಒಂದೇ ಫ್ರೀಜರಿನಲ್ಲಿ ಗಟ್ಟಿಯಾದದ್ದು. ಒಂದರ ಗತಿಯೇ ಇನ್ನೊಂದರದ್ದು. ಅಷ್ಟು ಗುಣವತಿಗೂ ಅರ್ಥವಾಯಿತು.

ಒಳಗೆ ಬೇರೆಯವರನ್ನು ಬಿಡುವುದಿಲ್ಲ. ಓಣಿಯ ಬೆಂಚಿನ ಮೇಲೆ ಗುಣವತಿ ಕೂತಳು. ಮುಚ್ಚಿದ ಬಾಗಿಲಿನ ಆಚೆ, ತನ್ನದೇ ರಕ್ತದಿಂದ ಬೆಳೆದ, ಕಣ್ಣಿಗೆ ಕಾಣದ ಜೀವಗಳು ಒಂದು ತಟ್ಟೆಯ ತಳಕ್ಕೆ ಅಂಟಿಕೊಂಡಿವೆ. ಮಗಳು ಅವುಗಳಿಗೆ ಹನಿಯನ್ನು ಹಾಕಿ, ಆಮೇಲೆ ರೋಗಾಣುವಿನ ವಿಷವನ್ನು ಹಾಕಿ, ನಾಳೆ ಬೆಳಿಗ್ಗೆ ಅವು ಎಷ್ಟು ಗಲಾಟೆ ಮಾಡಿದವೆಂದು ಅಳೆಯುತ್ತಾಳೆ. ಹೆತ್ತವಳ ರಕ್ತ, ಇಷ್ಟಾದರೂ ಮಾತು ಕೇಳಬೇಡವೇ? ಯಾರೂ ಇಲ್ಲದ್ದು ನೋಡಿ ಅವಳು ರಕ್ತ ತೆಗೆದ ತೋಳನ್ನು ಮೆಲ್ಲಗೆ ಸವರಿದಳು. ಹೀಗೆ ಸವರಿದರೆ ಅಲ್ಲಿಗೆ ಏನೂ ತಲುಪುವುದಿಲ್ಲವೆಂದು ಗೊತ್ತಿತ್ತು. ಆದರೂ ಸವರಿದಳು. ಹಿಂದೆ ಮಗಳಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಬಹುದಿತ್ತು, ಎದೆಗೆ ಎಣ್ಣೆ ತಿಕ್ಕಬಹುದಿತ್ತು, ಕಡೆಗೆ ದೈವಕ್ಕೆ ಹರಕೆಯಾದರೂ ಹೇಳಬಹುದಿತ್ತು. ಒಂದು ಹನಿಯೊಳಗೆ ಮುರಿದದ್ದನ್ನು ಜೋಡಿಸು ಎಂದು ಯಾವ ದೈವದ ಮುಂದೆ, ಯಾವ ಬಾಯಲ್ಲಿ ಕೇಳುವುದು?

ಭಾನುವಾರ ಗುಣವತಿ ಮಗಳ ಬಾಡಿಗೆ ಕೋಣೆಯ ನೆಲ ಒರೆಸಿದಳು, ಬಟ್ಟೆ ಒಗೆದಳು, ಮಳೆಯಲ್ಲಿ ಒಣಗದ ಬಟ್ಟೆಯನ್ನು ಫ್ಯಾನಿನ ಕೆಳಗೆ ಹರವಿದಳು. ಮಾಡಲು ಬೇರೇನೂ ಉಳಿಯದಾದಾಗ ಬುತ್ತಿ ಹಿಡಿದು ಪ್ರಯೋಗಾಲಯದ ಓಣಿಗೆ ಬಂದು ಕೂತಳು. ಮಧ್ಯಾಹ್ನದ ಹೊತ್ತಿಗೆ ದೀಕ್ಷಿತಾ ಹೊರಗೆ ಬಂದಳು. ಬಿಳಿ ಕೋಟು ಕಳಚಿರಲಿಲ್ಲ. ಒಳಗಿನ ಮೇಜಿನ ಮೇಲಿದ್ದ ತಟ್ಟೆಯ ಚಿತ್ರವನ್ನು ಫೋನಿನಲ್ಲಿ ತೆಗೆದು ತಂದಿದ್ದಳು. ಸಾಲು ಸಾಲು ಪುಟ್ಟ ಗುಳಿಗಳು, ಅದರಲ್ಲಿ ಹಳದಿ ನೀರು.

“ಗಲಾಟೆ ಹೆಚ್ಚಿದ್ದಲ್ಲಿ ಹಳದಿ ಗಾಢ. ಈ ಸಾಲು, ಹನಿ ಹಾಕದೇ ಇದ್ದದ್ದು. ಈ ಸಾಲು, ಹಾಕಿದ್ದು.”

ಗುಣವತಿ ಕನ್ನಡಕ ಏರಿಸಿ ನೋಡಿದಳು. ಒಂದು ಸಾಲು ನೋಡಿ ಇನ್ನೊಂದು ನೋಡಿದಳು. ಅರಸಿನ ಕಲಸಿದ ನೀರಿನ ಹಾಗೆ ಎರಡೂ ಒಂದೇ ಬಣ್ಣ.

“ಎರಡನೇದು ಸ್ವಲ್ಪ ತೆಳು ಇಲ್ವಾ ಮಗಾ? ಇಲ್ಲಿ, ಈ ಮೂಲೆಯದ್ದು?”

“ಅದು ಟ್ಯೂಬ್‌ಲೈಟಿನ ಬೆಳಕಮ್ಮ. ಮಿಶಿನಿನಲ್ಲಿ ಇಟ್ಟೂ ನೋಡಿದೆ, ಎರಡೂ ಒಂದೇ. ಹನಿಯಲ್ಲಿ ಜೀವ ಇಲ್ಲ.”

ಇಬ್ಬರೂ ಬೆಂಚಿನಲ್ಲಿ ಕೂತರು. ದೀಕ್ಷಿತಾಳ ಕೈಯಿಂದ ಕೈಗವಸಿನ ರಬ್ಬರಿನ ವಾಸನೆ ಬರುತ್ತಿತ್ತು. ಮೂರು ವರ್ಷ ಬೆಳಿಗ್ಗೆ ಸಂಜೆ ಇದೇ ಓಣಿಯಲ್ಲಿ ನಡೆದವಳು. ಕೊನೆಯ ರೋಗಿಯ ಫಲಿತಾಂಶವಿಲ್ಲದೆ ಪ್ರಬಂಧ ಒಪ್ಪಿಸಲು ಗೈಡ್ ಬಿಡುವುದಿಲ್ಲ; ಔಷಧಿ ಶುರುಮಾಡದ ಅಂಥ ಇನ್ನೊಬ್ಬ ರೋಗಿ ಯಾವಾಗ ಬರುತ್ತಾನೋ, ಒಪ್ಪುತ್ತಾನೋ ಇಲ್ಲವೋ.

“ಹಸೀಬನದ್ದು?” ಎಂದಳು ಗುಣವತಿ.

“ಒಳಗೆ ಉಂಟು. ಬೆಚ್ಚಗೆ, ಚೆನ್ನಾಗಿಯೇ ಉಂಟು. ಅದೇ ಬೇಜಾರು. ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದೆ, ಕಾಲು ಚಾಚಿಕೊಂಡು ಎಷ್ಟು ಚಂದ ಕೂತಿದ್ದವು ಗೊತ್ತುಂಟಾ.”

“ಅವುಗಳಿಗೆ ತಿನ್ನಲಿಕ್ಕೆ ಎಂತ ಹಾಕುವುದು?”

“ಒಂದು ಗುಲಾಬಿ ಬಣ್ಣದ ನೀರು. ಅದರಲ್ಲೇ ಎಲ್ಲ ಇರ್ತದೆ.”

“ಇವತ್ತು ಹಾಕಿದ್ದೀಯಾ?”

ದೀಕ್ಷಿತಾ ಅಮ್ಮನ ಮುಖ ನೋಡಿದಳು. “ಇನ್ನು ಹಾಕಿ ಎಂತ ಮಾಡುವುದಮ್ಮ? ನಾಳೆ ಬ್ಲೀಚ್ ಹಾಕಿ ಚೆಲ್ಲುವುದೇ.”

ಇಷ್ಟು ವರ್ಷ ಡಬ್ಬಿಯಲ್ಲಿ ತುಂಬಿ ಕಳಿಸಿದ ಯಾವುದೂ ಈಗ ಗುಣವತಿಯ ಕೈಯಲ್ಲಿರಲಿಲ್ಲ. ಬುತ್ತಿಯಲ್ಲಿ ಇದ್ದದ್ದು ಪ್ಯಾಟ್ರಿಶಿಯಾ ಬಾಯಿ ಕೊಟ್ಟ ಅಂಜಲಿನ ಸಾರು ಮಾತ್ರ. ಅದನ್ನು ಬಿಚ್ಚಲು ಅವಳಿಗೆ ನಾಚಿಕೆಯಾಯಿತು.

“ನಾಳೆ ತಾನೇ ಚೆಲ್ಲುವುದು,” ಎಂದಳು ಕೊನೆಗೆ. “ಇವತ್ತು ಹಸಿದು ಕೂತಿರ್ತವೆ.”

ದೀಕ್ಷಿತಾ ಎದ್ದು, ಹೊಸ ಕೈಗವಸು ಒಂದೊಂದೇ ಬೆರಳಿಗೆ ಎಳೆದುಕೊಳ್ಳುತ್ತ ಒಳಗೆ ಹೋದಳು. ಬಾಗಿಲು ಅದರ ಪಾಡಿಗೆ ಮುಚ್ಚಿಕೊಂಡಿತು. ಬಾಗಿಲಿನ ಪುಟ್ಟ ಗಾಜಿನಲ್ಲಿ ಮಗಳ ಬಗ್ಗಿದ ಬೆನ್ನು ಕಾಣುತ್ತಿತ್ತು. ಗುಣವತಿ ಎದ್ದು ಗಾಜಿನ ಹತ್ತಿರ ಹೋಗಿ ನಿಂತಳು. ಮಗಳು ಗುಲಾಬಿ ನೀರನ್ನು ಮೆಲ್ಲಗೆ, ತಟ್ಟೆಯ ಅಂಚಿನಿಂದ, ತಳದಲ್ಲಿದ್ದವರಿಗೆ ನೋವಾಗದ ಹಾಗೆ ಹಾಕುತ್ತಿದ್ದಳು.